ಬೆಕ್ಕಿನ ಬಾಯಿ ನಾರಿದರೆ

ಸಾಕಿದ ಬೆಕ್ಕಿನ ಬಾಯಿ ನಾರತೊಡಗಿದೊಡನೆ ಅದನ್ನು ಸುವಾಸನೆಗೊಳಿಸುವ ಉಪಾಯವನ್ನು ಹುಡುಕುವವರೇ ಹೆಚ್ಚು. ಜ್ವರವಿಳಿಯಲೆಂದು ಉಷ್ಣಮಾಪಕವನ್ನು ತಣ್ಣೀರಿನಲ್ಲಿ ಅದ್ದುವುದಕ್ಕೂ ಇದಕ್ಕೂ ನನಗೆ ಭೇದ ಕಾಣದು. ಬೆಕ್ಕು ನೋವನ್ನು ಸುಲಭವಾಗಿ ಹೊರಗೆಡಹದ ಪ್ರಾಣಿ. ಎಷ್ಟೋ ವೇಳೆ ಆ ದುರ್ಗಂಧವೇ ನಮಗೆ ದೊರೆಯುವ ಮೊದಲ ಸುಳಿವು.

ಬೆಕ್ಕಿಗೆ 30 ಹಲ್ಲುಗಳು. ಅವುಗಳ ಬುಡದ ಪಾಚಿಯಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಪ್ರೋಟೀನುಗಳನ್ನು ವಿಭಜಿಸಿ, ಹೈಡ್ರೋಜನ್ ಸಲ್ಫೈಡ್ ಮೊದಲಾದ ಗಂಧಕಯುಕ್ತ ಅನಿಲಗಳನ್ನು ಹೊರಸೂಸುತ್ತವೆ. ಕೊಳೆತ ಮೊಟ್ಟೆ ನಾರುವುದೂ ಈ ಅನಿಲದಿಂದಲೇ. ಪಾಚಿಯು ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ವಸಡು ಬಾತು ಹಲ್ಲು ಸಡಿಲಗೊಳ್ಳುತ್ತದೆ. ಉಸಿರಿನಲ್ಲಿ ಅಮೋನಿಯದ ವಾಸನೆಯಿದ್ದರೆ ಮೂತ್ರಪಿಂಡದ ರೋಗವನ್ನೂ, ಅಸಿಟೋನಿನ ಸಿಹಿವಾಸನೆಯಿದ್ದರೆ ಮಧುಮೇಹವನ್ನೂ ಶಂಕಿಸಬೇಕು.

ನಮ್ಮ ಮನೆಗಳಲ್ಲಿ ಹಲ್ಲುನೋವಿಗೆ ಲವಂಗದ ಎಣ್ಣೆ ಪ್ರಸಿದ್ಧವಷ್ಟೆ. ಬೆಕ್ಕಿಗೆ ಅದು ವಿಷ. ಅದರಲ್ಲಿರುವ ಯೂಜಿನಾಲ್ ಒಂದು ಫೀನಾಲು; ಫೀನಾಲುಗಳನ್ನು ಗ್ಲೂಕುರಾನಿಕ್ ಆಮ್ಲದೊಡನೆ ಬೆಸೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನಮ್ಮ ಟೂತ್‌ಪೇಸ್ಟೂ ಸಲ್ಲದು. ಬೆಕ್ಕು ಅದನ್ನು ಉಗುಳಲರಿಯದೆ ಫ್ಲೋರೈಡಿನೊಡನೆ ನುಂಗಿಬಿಡುತ್ತದೆ.

ಮೊದಲು ಪಶುವೈದ್ಯರಿಗೆ ತೋರಿಸಿ, ಕಿಟ್ಟವಿದ್ದರೆ ತೆಗೆಸತಕ್ಕದ್ದು. ಅನಂತರ ಬೆಕ್ಕಿಗಾಗಿಯೇ ತಯಾರಿಸಿದ ಪೇಸ್ಟನ್ನು ಮೆದುವಾದ ಬ್ರಷ್ಷಿಗೆ ಹಚ್ಚಿ ದಿನಕ್ಕೊಮ್ಮೆ ಉಜ್ಜಬೇಕು. ಮರಿಯಾಗಿದ್ದಾಗಲೇ ರೂಢಿ ಮಾಡಿಸಿದರೆ ಕೈ ಪರಚಿಸಿಕೊಳ್ಳುವ ಪ್ರಸಂಗ ಕಡಿಮೆ.