ಶಿಬಿರದ ಮಾಸ್ಟ್ರಿಗೆ ಸಂಬಳ ಕೊಡುವವರು ಯಾರು?

ಬಾಂಗ್ಲಾದೇಶದ ಕಾಕ್ಸ್ ಬಝಾರ್ ಎಂಬ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಾಖೈನ್ ಪ್ರಾಂತದಿಂದ ರೋಹಿಂಗ್ಯಾಗಳು ನಾಫ್ ನದಿ ದಾಟಿ ಓಡಿ ಬಂದಾಗ ಆ ಫೋಟೋಗಳು ನಮ್ಮ ಎಲ್ಲರ ಮೊಬೈಲಿಗೂ ಬಂದಿದ್ದವು. ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಬಂದರು. ಮಗುವನ್ನು ಹೆಗಲಲ್ಲಿ ಹೊತ್ತ ತಂದೆ, ಬುಟ್ಟಿಯಲ್ಲಿ ಕೂತ ಮುದುಕಿ, ಕೆಸರಿನಲ್ಲಿ ಹೂತು ಹೋಗುವ ಕಾಲು. ಕಣ್ಣೀರು ಹಾಕಿದೆವು, ದುಆ ಮಾಡಿದೆವು, ಕೈಲಾದದ್ದು ಕೊಟ್ಟೆವು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಆದರೆ ಅವರು ಅಲ್ಲೇ ಇದ್ದಾರೆ. ಉಖಿಯಾ ಮತ್ತು ಟೆಕ್ನಾಫ್ ಎಂಬ ಎರಡು ಉಪಜಿಲ್ಲೆಗಳ 33 ಶಿಬಿರಗಳಲ್ಲಿ ಇವತ್ತಿಗೂ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಬಿದಿರು ಮತ್ತು ಟಾರ್ಪಾಲಿನ ಗುಡಿಸಲುಗಳಲ್ಲಿ ಇದ್ದಾರೆ. ರಾಖೈನ್‌ನಲ್ಲಿ ಮತ್ತೆ ಯುದ್ಧ ಜೋರಾದ ಮೇಲೆ, 2024ರಿಂದ ಸುಮಾರು ಒಂದೂವರೆ ಲಕ್ಷ ಜನ ಹೊಸದಾಗಿ ಬಂದು ಸೇರಿದ್ದಾರೆ. ಬಾಯಿ ಹೆಚ್ಚಾಯಿತು, ಬರುವ ಹಣ ಕಡಿಮೆಯಾಯಿತು. ಈಗ ಅಲ್ಲಿ ನಿರಾಶ್ರಿತರನ್ನು ನೋಡಿಕೊಳ್ಳುವ ಸಂಸ್ಥೆಗಳಿಗೇ ಬಾಗಿಲು ಹಾಕುವ ಪರಿಸ್ಥಿತಿ.

ಇದು ಹೇಗಾಯಿತು? ರೋಹಿಂಗ್ಯಾ ಶಿಬಿರಗಳಿಗೆ ಬರುತ್ತಿದ್ದ ನೆರವಿನಲ್ಲಿ 2024ರಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕ ಒಂದೇ ದೇಶದ್ದು. 2025ರ ಜನವರಿ 20ರಂದು ಅಲ್ಲಿನ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನವೇ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಜುಲೈ ಬರುವಾಗ ಯುಎಸ್‌ಏಡ್ ಎಂಬ ಇಡೀ ಸಂಸ್ಥೆಯೇ ಮುಚ್ಚಿತ್ತು. ಬ್ರಿಟನ್ ಕೂಡ ಅದೇ ವರ್ಷದ ಫೆಬ್ರವರಿಯಲ್ಲಿ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ ಶೇ. 0.3ಕ್ಕೆ 2027ರೊಳಗೆ ಇಳಿಸುವುದಾಗಿ ಹೇಳಿತು. ಉಳಿಸಿದ ಹಣ ಸೇನೆಗೆ.

ಪರಿಣಾಮ ಮೊದಲು ಬಿದ್ದದ್ದು ಅನ್ನದ ತಟ್ಟೆಗೆ. 2025ರ ಮಾರ್ಚ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮದವರು ಒಬ್ಬ ವ್ಯಕ್ತಿಗೆ ತಿಂಗಳಿಗೆ ಕೊಡುತ್ತಿದ್ದ 12.50 ಡಾಲರ್ ರೇಷನ್ ಅನ್ನು 6 ಡಾಲರ್‌ಗೆ ಇಳಿಸಬೇಕಾಗುತ್ತದೆ ಎಂದು ನೋಟಿಸ್ ಕೊಟ್ಟರು. ಅದು ರಮಝಾನ್ ತಿಂಗಳು. 6 ಡಾಲರ್ ಎಂದರೆ ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿ ಆಸುಪಾಸು. ದಿನಕ್ಕೆ ಹದಿನೇಳು, ಹದಿನೆಂಟು ರೂಪಾಯಿ. ಒಂದು ಚಹಾ, ಒಂದು ಪ್ಲೇಟ್ ಗೋಳಿಬಜೆಗೂ ಅದು ಸಾಲುವುದಿಲ್ಲ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಗುಟೆರೆಸ್ ಸ್ವತಃ ಅಲ್ಲಿಗೆ ಹೋಗಿ ಮಾರ್ಚ್ 14ರಂದು ನಿರಾಶ್ರಿತರ ಜೊತೆ ಇಫ್ತಾರ್‌ಗೆ ಕೂತರು. ಕೊನೆಗೆ ತಿಂಗಳ ಕೊನೆಯಲ್ಲಿ ಹಣ ಹೊಂದಿಸಿ 12 ಡಾಲರ್‌ಗೆ ನಿಲ್ಲಿಸಿದರು. ಅಲ್ಹಮ್ದುಲಿಲ್ಲಾಹ್, ಅನ್ನ ಉಳಿಯಿತು.

ಆದರೆ ಶಾಲೆ ಉಳಿಯಲಿಲ್ಲ. 2025ರ ಜೂನ್ ಆರಂಭದಲ್ಲಿ ಯುನಿಸೆಫ್ ಮತ್ತು ಸೇವ್ ದಿ ಚಿಲ್ಡ್ರನ್ ಹಣವಿಲ್ಲದೆ ಶಿಬಿರದ ಕಲಿಕಾ ಕೇಂದ್ರಗಳನ್ನು ನಿಲ್ಲಿಸಿದವು. ಈ ಕೇಂದ್ರಗಳು ದೊಡ್ಡ ಕಟ್ಟಡಗಳಲ್ಲ, ಬಿದಿರಿನ ಕೋಣೆಗಳು. ಒಬ್ಬರು ಸ್ಥಳೀಯ ಬಾಂಗ್ಲಾದೇಶಿ ಶಿಕ್ಷಕರು, ಒಬ್ಬರು ರೋಹಿಂಗ್ಯಾ ಶಿಕ್ಷಕರು, ಹೀಗೆ ಜೋಡಿಯಾಗಿ ಕಲಿಸುವ ಕ್ರಮ. ಎಂದಾದರೂ ಊರಿಗೆ ಮರಳಿದರೆ ಉಪಯೋಗಕ್ಕೆ ಬರಲಿ ಎಂದು ಮ್ಯಾನ್ಮಾರ್‌ನ ಪಠ್ಯವನ್ನೇ ಕಲಿಸುತ್ತಿದ್ದರು. ಸಾವಿರಕ್ಕೂ ಹೆಚ್ಚು ಬಾಂಗ್ಲಾದೇಶಿ ಶಿಕ್ಷಕರ ಕೆಲಸ ಹೋಯಿತು. ಅವರು ರಸ್ತೆಯಲ್ಲಿ ಕೂತು ಪ್ರತಿಭಟನೆ ಮಾಡಿದರು. ಆಮೇಲೆ ಹಣ ಸಿಕ್ಕಷ್ಟು ತರಗತಿಗಳನ್ನು ತೆರೆದರೂ, ಮುರಿದ ಅಭ್ಯಾಸ ಬೇಗ ಕೂಡುವುದಿಲ್ಲ. ಎರಡು ತಿಂಗಳು ಮದ್ರಸಕ್ಕೆ ಬಾರದ ಮಗುವನ್ನು ಮತ್ತೆ ಕೂರಿಸುವುದು ಎಷ್ಟು ಕಷ್ಟ ಎಂದು ಕಲಿಸುವ ನಮಗೆ ಗೊತ್ತುಂಟು. ಶಾಲೆ ಇಲ್ಲದ ಹುಡುಗ ಕೂಲಿಗೆ ಹೋಗುತ್ತಾನೆ ಅಥವಾ ದೋಣಿ ಹತ್ತಿಸುವ ದಲ್ಲಾಳಿಯ ಕೈಗೆ ಸಿಗುತ್ತಾನೆ. ಹುಡುಗಿಯನ್ನು ಸಣ್ಣ ಪ್ರಾಯದಲ್ಲೇ ಮದುವೆ ಮಾಡಿ ಕೊಡುತ್ತಾರೆ. ಮನೆಯವರು ಕೆಟ್ಟವರು ಎಂದಲ್ಲ, ಅವರಿಗೆ ಬೇರೆ ದಾರಿ ಕಾಣುವುದಿಲ್ಲ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಅಮೆರಿಕ ಹಣ ನಿಲ್ಲಿಸಿತು ಎಂದು ಬೈದು ಕೂರುವುದು ಸುಲಭ. ಆದರೆ ನಿರಾಶ್ರಿತರ ಸಂಸ್ಥೆಗಳು ಸಾಯುವುದಕ್ಕೆ ನಮ್ಮಂಥ ಸಾಮಾನ್ಯರು ಕೊಡುವ ಕ್ರಮವೂ ಒಂದು ಕಾರಣ. ನಾವು ಕೊಡುವುದು ಫೋಟೋ ನೋಡಿದಾಗ. ನಾವು ಕೊಡುವುದು ವಸ್ತು. ಕಂಬಳಿ, ಅಕ್ಕಿ, ಇಫ್ತಾರ್ ಕಿಟ್, ಬೋರ್‌ವೆಲ್. ಅದನ್ನು ಹಂಚುವ ಹುಡುಗನಿಗೆ ಸಂಬಳ, ಗೋಡೌನಿನ ಬಾಡಿಗೆ, ಲೆಕ್ಕ ಬರೆಯುವವನ ಖರ್ಚು, ಮಾಸ್ಟ್ರ ತಿಂಗಳ ಹಣ, ಇದಕ್ಕೆ ಯಾರೂ ಕೊಡುವುದಿಲ್ಲ. "ನನ್ನ ಹಣ ಪೂರ್ತಿ ಬಡವನ ಕೈಗೇ ಹೋಗಬೇಕು, ಆಫೀಸಿಗೆ ಒಂದು ಪೈಸೆ ಹೋಗಬಾರದು" ಎನ್ನುತ್ತೇವೆ. ಕೇಳಲಿಕ್ಕೆ ಒಳ್ಳೆಯ ಮಾತೇ. ಆದರೆ ಹಾಗೆಂದರೆ ಕಂಬಳಿ ಬಂದರಿನಲ್ಲೇ ಉಳಿಯುತ್ತದೆ, ಮಾರಾಯ್ರೇ.

ಈ ವಿಷಯದಲ್ಲಿ ದೀನ್ ನಮಗೆ ಕಲಿಸಿದ್ದು ಬೇರೆಯೇ. ಝಕಾತ್‌ನ ಎಂಟು ಹಕ್ಕುದಾರರನ್ನು ಸೂರಃ ತೌಬಾದಲ್ಲಿ ಹೇಳಲಾಗಿದೆ. ಫಕೀರರು, ಮಿಸ್ಕೀನರು ಆದ ಕೂಡಲೇ ಮೂರನೆಯದಾಗಿ ಬರುವುದು ಯಾರು? ಝಕಾತ್ ಸಂಗ್ರಹಿಸುವ, ಹಂಚುವ ಕೆಲಸಗಾರರು. ಅಂದರೆ ಕೆಲಸ ನಡೆಸುವವನ ಕೂಲಿಯೂ ದಾನದ ಒಂದು ಭಾಗ, ಅದು ಕಳ್ಳತನವಲ್ಲ. ಅದೇ ಪಟ್ಟಿಯ ಕೊನೆಯಲ್ಲಿ ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನೂ ಇದ್ದಾನೆ. ಇನ್ನೊಂದು ಮಾತು ನಮ್ಮ ಮದ್ರಸದ ಐದನೇ ತರಗತಿ ಮಗುವಿಗೂ ಗೊತ್ತು: ಅಲ್ಲಾಹನಿಗೆ ಹೆಚ್ಚು ಇಷ್ಟವಾದ ಅಮಲ್ ಸಣ್ಣದಾದರೂ ನಿರಂತರವಾಗಿ ಮಾಡುವಂಥದ್ದು. ನಾವು ಇದನ್ನು ನಮಾಝಿಗೆ, ಓದುವುದಕ್ಕೆ ಅನ್ವಯಿಸುತ್ತೇವೆ, ಸದಖಕ್ಕೆ ಮಾತ್ರ ಅನ್ವಯಿಸುವುದಿಲ್ಲ.

ಊರಿನ ಪಳ್ಳಿಯನ್ನೇ ನೋಡಿ. ಪಳ್ಳಿ ಕಟ್ಟುವಾಗ ಲಕ್ಷ ಲಕ್ಷ ಕೊಡುವವರು ಸಿಗುತ್ತಾರೆ. ಕಟ್ಟಿ ಆದ ಮೇಲೆ ಕರೆಂಟ್ ಬಿಲ್ಲಿಗೆ, ಮುಅಲ್ಲಿಂ ಸಂಬಳಕ್ಕೆ ತಿಂಗಳ ಚಂದಾ ಎತ್ತುವಾಗ ಕಾರ್ಯದರ್ಶಿಯವರ ಚಪ್ಪಲಿ ಸವೆಯುತ್ತದೆ. ಅದಕ್ಕೇ ಬುದ್ಧಿವಂತ ಜಮಾಅತಿನವರು ಪಳ್ಳಿ ಎದುರು ನಾಲ್ಕು ಅಂಗಡಿ ಕೋಣೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ವಕ್ಫ್‌ನ ತತ್ವವೇ ಅದು. ಮೂಲ ಉಳಿಯಬೇಕು, ಫಲ ಹಂಚಬೇಕು. ಕೊಡುವವರ ಮನಸ್ಸು ಬದಲಾದರೂ ದೀಪ ಆರಬಾರದು.

ಬಾಂಗ್ಲಾದೇಶದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಉಂಟು. ಬ್ರಾಕ್ ಎಂಬ ಸಂಸ್ಥೆಯ ಹೆಸರು ಕೇಳಿರಬಹುದು. ಅದು ಹುಟ್ಟಿದ್ದೇ ನಿರಾಶ್ರಿತರಿಗಾಗಿ. 1971ರ ಯುದ್ಧದಲ್ಲಿ ಸುಮಾರು ಒಂದು ಕೋಟಿ ಜನ ಆಗಿನ ಪೂರ್ವ ಪಾಕಿಸ್ತಾನದಿಂದ ಭಾರತಕ್ಕೆ ಓಡಿ ಬಂದಿದ್ದರು. ಯುದ್ಧ ಮುಗಿದು ಅವರು ಮರಳಿದಾಗ ಮನೆಯಿಲ್ಲ, ದೋಣಿಯಿಲ್ಲ, ಬಲೆಯಿಲ್ಲ. ಫಝ್ಲೆ ಹಸನ್ ಆಬೆದ್ ಎಂಬವರು ಲಂಡನ್‌ನಲ್ಲಿದ್ದ ತಮ್ಮ ಫ್ಲ್ಯಾಟ್ ಮಾರಿ, 1972ರಲ್ಲಿ ದೇಶದ ಈಶಾನ್ಯ ಭಾಗದ ಶಾಲ್ಲಾ ಎಂಬ ಕೆಳಮಟ್ಟದ ಪ್ರದೇಶದಲ್ಲಿ ಕೆಲಸ ಶುರು ಮಾಡಿದರು. ಆಗ ಅದು ಸಣ್ಣ ಪುನರ್ವಸತಿ ಸಮಿತಿ, ಇವತ್ತು ಜಗತ್ತಿನ ಅತಿ ದೊಡ್ಡ ಸ್ವಯಂಸೇವಾ ಸಂಸ್ಥೆಗಳಲ್ಲಿ ಒಂದು.

ಅದು ಬೆಳೆದದ್ದು ಹೇಗೆ ಎಂಬುದನ್ನು ಗಮನಿಸಿ. ಹೊರದೇಶದ ನೆರವು ಅವರೂ ಪಡೆದರು. ಆದರೆ ಅದನ್ನೇ ನಂಬಿ ಕೂರಲಿಲ್ಲ. 1978ರಲ್ಲಿ ಹಳ್ಳಿ ಹೆಂಗಸರು ನೇಯ್ದ, ಹೊಲಿದ ವಸ್ತುಗಳನ್ನು ಮಾರಲು ಆಡಂಗ್ ಎಂಬ ಅಂಗಡಿ ತೆರೆದರು. ಆಮೇಲೆ ಹಾಲಿನ ಡೈರಿ, ಬೀಜ, ಸಣ್ಣ ಸಾಲ, ಬ್ಯಾಂಕ್. ಆ ಲಾಭದಿಂದ ಸಮಾಜಸೇವೆಯ ಕೆಲಸಕ್ಕೂ ಹಣ ಬರುತ್ತದೆ. ನಮ್ಮ ಪಳ್ಳಿಯ ಅಂಗಡಿ ಕೋಣೆಯ ಲೆಕ್ಕವೇ ಅದು, ದೊಡ್ಡ ಪ್ರಮಾಣದಲ್ಲಿ. ಆಬೆದ್ 2019ರಲ್ಲಿ ತೀರಿಕೊಂಡರು, ಸಂಸ್ಥೆ ನಿಂತಿದೆ. ಕಾಕ್ಸ್ ಬಝಾರ್ ಶಿಬಿರಗಳಲ್ಲೂ ಅವರು ಕೆಲಸ ಮಾಡುತ್ತಿದ್ದಾರೆ.

ಆದರೆ ಶಿಬಿರದಲ್ಲಿರುವ ಎಲ್ಲ ಸಂಸ್ಥೆಗೂ ಬ್ರಾಕ್‌ನ ಬಲ ಇಲ್ಲ. ಹೆಚ್ಚಿನವು ಸಣ್ಣವು. ವಿಶ್ವಸಂಸ್ಥೆಯ ಅಂಗಗಳಿಂದ ಅಥವಾ ದೊಡ್ಡ ವಿದೇಶಿ ಸಂಸ್ಥೆಗಳಿಂದ ಗುತ್ತಿಗೆಯಂತೆ ಕೆಲಸ ಪಡೆದು ನಡೆಸುವಂಥವು. ಯೋಜನೆ ಇರುವಷ್ಟು ದಿನ ಸಂಬಳ, ಯೋಜನೆ ನಿಂತ ದಿನ ಬೀಗ. 2016ರಲ್ಲಿ ಇಸ್ತಾಂಬುಲ್‌ನ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದೊಡ್ಡ ದಾನಿಗಳೆಲ್ಲ ಸೇರಿ, ನೆರವಿನ ಶೇ. 25ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಆದಷ್ಟು ನೇರವಾಗಿ ತಲುಪಿಸುವ ಮಾತು ಕೊಟ್ಟಿದ್ದರು. ಆ ಮಾತು ಈಡೇರಲಿಲ್ಲ. ಹಣ ಕಡಿತವಾದಾಗ ಮೊದಲು ಕತ್ತರಿ ಬೀಳುವುದು ಇಂಥ ಸಣ್ಣವರ ಮೇಲೆಯೇ. ಆ ಊರಿನ ಭಾಷೆ ಬಲ್ಲವರು, ಮಳೆಗಾಲದಲ್ಲಿ ಯಾವ ಗುಡ್ಡ ಜಾರುತ್ತದೆ ಎಂದು ಬಲ್ಲವರು, ವಿದೇಶಿಯರು ಹೋದ ಮೇಲೂ ಅಲ್ಲೇ ಉಳಿಯುವವರು ಅವರು.

ಇಲ್ಲಿ ಎರಡು ಪ್ರಶ್ನೆ ಬರುತ್ತದೆ, ಬರಲೇಬೇಕು. ಮೊದಲನೆಯದು: ನಮ್ಮ ಊರಿನಲ್ಲೇ ಬಡವರಿಲ್ಲವಾ ಉಸ್ತಾದರೇ? ಇದ್ದಾರೆ. ಡಯಾಲಿಸಿಸ್‌ಗೆ ಹಣವಿಲ್ಲದವರು, ಸೋರುವ ಮನೆಯವರು, ಮಗಳ ಫೀಸು ಕಟ್ಟಲಾಗದವರು ನಮ್ಮ ಮಗ್ಗುಲಲ್ಲೇ ಇದ್ದಾರೆ. ನೆರೆಯವರ ಹಕ್ಕು ಮೊದಲು, ಅದರಲ್ಲಿ ಮಾತಿಲ್ಲ. ಝಕಾತ್‌ನ ಮಟ್ಟಿಗಂತೂ ಊರಿನ ಝಕಾತನ್ನು ಊರಿನ ಹಕ್ಕುದಾರರಿಗೇ ಕೊಡಬೇಕೆಂಬುದು ನಮ್ಮ ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಗಲ್ಫ್‌ನಲ್ಲಿರುವವರು ತಮ್ಮ ವಿಷಯವನ್ನು ಅರಿತವರಲ್ಲಿ ಕೇಳಿಕೊಳ್ಳಲಿ. ಊರಿನವರ ಪಾಲು ಕಿತ್ತು ಅಲ್ಲಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಸದಖದ ಮಾತು ಹೇಳುತ್ತಿದ್ದೇನೆ. ಸದಖಕ್ಕೆ ಊರಿನ ಗಡಿಯಿಲ್ಲ, ಇಷ್ಟೇ ಎಂಬ ಅಳತೆಯಿಲ್ಲ.

ಎರಡನೆಯದು: ಸರಕಾರಗಳು ಕೊಡುತ್ತಿದ್ದ ಕೋಟಿಗಳನ್ನು ನಮ್ಮ ನೂರು ರೂಪಾಯಿ ತುಂಬುತ್ತದಾ? ಇಲ್ಲ. ರೋಹಿಂಗ್ಯಾ ಶಿಬಿರಗಳು ಮತ್ತು ಸುತ್ತಲಿನ ಊರುಗಳಿಗಾಗಿ 2025ಕ್ಕೆ ಕೇಳಿದ ಮೊತ್ತ 93.45 ಕೋಟಿ ಡಾಲರ್. ಅದು ಸರಕಾರಗಳು ಹೊರಬೇಕಾದ ಹೊರೆಯೇ. ನಿಜವಾದ ಪರಿಹಾರವಂತೂ ಅವರು ಮಾನ ಮರ್ಯಾದೆಯಿಂದ ರಾಖೈನ್‌ಗೆ ಮರಳುವುದು, 1982ರ ಕಾನೂನು ಕಿತ್ತುಕೊಂಡ ಪೌರತ್ವ ಅವರಿಗೆ ಸಿಗುವುದು. ಅಲ್ಲಿವರೆಗೆ ದುಡಿಯಲು ಬಿಡುವುದಾದರೂ ಆಗಬೇಕು. ಶಿಬಿರದಲ್ಲಿ ಅವರಿಗೆ ಹೊರಗೆ ಹೋಗಿ ಕೆಲಸ ಮಾಡುವ ಹಕ್ಕಿಲ್ಲ. ಕೈಕಾಲು ಗಟ್ಟಿ ಇರುವವನನ್ನೂ ರೇಷನ್ ಸಾಲಿನಲ್ಲಿ ನಿಲ್ಲಿಸಿದರೆ ಯಾವ ಸಂಸ್ಥೆ ಎಷ್ಟು ವರ್ಷ ನಡೆದೀತು? ನಮ್ಮ ರಾಜ್ಯದ ಬೈಲುಕುಪ್ಪೆಯನ್ನು ನೋಡಿ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಟಿಬೆಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಕಾಡು ಭೂಮಿ ಕೊಟ್ಟಿತು. ಕಡಿದು ಹದಮಾಡಿ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಶಾಲೆ ಕಟ್ಟಿದರು. ಬಾಂಗ್ಲಾದೇಶದಲ್ಲಿ ಭೂಮಿ ಕಡಿಮೆ, ಜನ ಜಾಸ್ತಿ, ಅದು ಬಡ ದೇಶ, ಅಷ್ಟು ಜನರಿಗೆ ಜಾಗ ಕೊಟ್ಟದ್ದೇ ದೊಡ್ಡದು. ಆದರೂ ದುಡಿಯಲು ಬಿಟ್ಟ ನಿರಾಶ್ರಿತ ಹೊರೆಯಾಗುವುದಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಪಕ್ಕದ ಜಿಲ್ಲೆಯಾಚೆಯೇ ಉಂಟು.

ಹಾಗಾದರೆ ನಮ್ಮ ನೂರು ರೂಪಾಯಿ ಎಂತಕ್ಕೆ? ಸರಕಾರದ ಹಣ ಬರುವ, ನಿಲ್ಲುವ ಮಧ್ಯದ ಆ ಆರು ತಿಂಗಳು ಒಂದು ಸಂಸ್ಥೆ ಸಾಯದೆ ಇರಲಿಕ್ಕೆ. ಒಬ್ಬ ಮಾಸ್ಟ್ರು ಕೆಲಸ ಬಿಟ್ಟು ಹೋಗದೆ ಇರಲಿಕ್ಕೆ. ಒಮ್ಮೆ ಚದುರಿದ ತಂಡವನ್ನು ಮತ್ತೆ ಕಟ್ಟುವ ಖರ್ಚು, ಇದ್ದ ತಂಡವನ್ನು ಉಳಿಸುವ ಖರ್ಚಿಗಿಂತ ಎಷ್ಟೋ ಹೆಚ್ಚು. ಅಂಗಡಿ ನಡೆಸುವ ಯಾವ ಬ್ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಡುವಾಗ ಜಾಗ್ರತೆಯೂ ಬೇಕು. ನಮ್ಮ ಮನೆಗಳ ಅರ್ಧ ಗಂಡಸರು ಗಲ್ಫ್‌ನಲ್ಲಿದ್ದಾರೆ. ಅಲ್ಲಿ ರೂಮಿನಲ್ಲಿ ಕೂತು ಚಂದಾ ಎತ್ತುವುದು ಅಪರಾಧವಾಗಬಹುದು. ಯುಎಇಯಲ್ಲಿ 2021ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದವರು ದೇಣಿಗೆ ಸಂಗ್ರಹಿಸುವಂತಿಲ್ಲ. ಆದ್ದರಿಂದ ಅಲ್ಲಿನ ಪರವಾನಗಿ ಇರುವ ಸಂಸ್ಥೆಗಳಿಗೇ ಕೊಡಿ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಗೂ ಪ್ರತ್ಯೇಕ ಝಕಾತ್ ನಿಧಿ ಉಂಟು. ಊರಿನಲ್ಲಿರುವವರು ಹೊರದೇಶಕ್ಕೆ ಕಳಿಸುವ ಮೊದಲು ಬ್ಯಾಂಕಿನಲ್ಲಿ, ಆಡಿಟರಲ್ಲಿ ಕೇಳಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ಹಣ ಹಾಕಬೇಡಿ, ಹವಾಲಾ ಖಂಡಿತ ಬೇಡ. ಅಳುವ ಮಗುವಿನ ಫೋಟೋ ಯಾರು ಬೇಕಾದರೂ ಅಂಟಿಸಬಹುದು.

ಲೆಕ್ಕ ಕೇಳಿ. ಲೆಕ್ಕ ಕೇಳುವುದು ಅನುಮಾನವಲ್ಲ, ಅಮಾನತ್ ಕಾಯುವ ಕ್ರಮ. ಆದರೆ "ಆಫೀಸ್ ಖರ್ಚು ಎಷ್ಟು" ಎಂದು ಕೇಳಿ ನಿಲ್ಲಿಸಬೇಡಿ. ಎಷ್ಟು ಮಕ್ಕಳು ಓದುತ್ತಿದ್ದಾರೆ, ಶಿಕ್ಷಕರಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯಾ, ಹಣ ನಿಂತರೆ ಎಷ್ಟು ತಿಂಗಳು ನಡೆಸುವ ಶಕ್ತಿ ಉಂಟು, ಇದನ್ನು ಕೇಳಿ. ಕೊಡುವಾಗ "ಕಂಬಳಿಗೆ ಮಾತ್ರ", "ಬಾವಿಗೆ ಮಾತ್ರ" ಎಂಬ ಷರತ್ತು ಹಾಕದೆ, ಅಗತ್ಯ ಕಂಡ ಕಡೆ ಖರ್ಚು ಮಾಡಿ ಎಂದು ಹೇಳಿ ಕೊಡಿ. ಮತ್ತು ರಮಝಾನ್‌ನಲ್ಲಿ ಒಮ್ಮೆಗೇ ಐದು ಸಾವಿರ ಕೊಡುವವರು ತಿಂಗಳಿಗೆ ನಾನೂರರಂತೆ ಹಂಚಿ ಕೊಡಿ. ಮೊತ್ತ ಹೆಚ್ಚುಕಡಿಮೆ ಅಷ್ಟೇ. ಪಡೆಯುವವನಿಗೆ ಮಾತ್ರ ತುಂಬ ವ್ಯತ್ಯಾಸ. ಶವ್ವಾಲ್‌ನಲ್ಲೂ ಮುಹರ್ರಮ್‌ನಲ್ಲೂ ಹಣ ಬರುತ್ತದೆ ಎಂದು ಗೊತ್ತಿದ್ದರೆ ಅವನು ಮಾಸ್ಟ್ರನ್ನು ಧೈರ್ಯದಿಂದ ಉಳಿಸಿಕೊಳ್ಳಬಹುದು.

ಮನೆಯಲ್ಲಿ ಉಮ್ಮಂದಿರು ಇದನ್ನು ಒಮ್ಮೆ ಮಾತಾಡಿ. ದೂರದಲ್ಲಿರುವ ಮಗನಿಗೆ ಫೋನ್ ಮಾಡುವಾಗ ಹೇಳಿ. ಮಕ್ಕಳ ಕೈಯಲ್ಲಿ ತಿಂಗಳಿಗೆ ಒಮ್ಮೆ ಹತ್ತು ರೂಪಾಯಿಯಾದರೂ ಹುಂಡಿಗೆ ಹಾಕಿಸಿ, ಅದು ಯಾರಿಗೆ ಎಂದು ತಿಳಿಸಿ. ಕಾಕ್ಸ್ ಬಝಾರ್‌ನ ಆ ಬಿದಿರಿನ ಕೋಣೆಯಲ್ಲಿ ಕೂತ ಮಗುವೂ ನಮ್ಮ ಮಕ್ಕಳ ಹಾಗೆ ಅಲಿಫ್, ಬಾ ಕಲಿಯುವ ವಯಸ್ಸಿನದ್ದೇ. ಅದಕ್ಕೆ ಬೇಕಾದದ್ದು ನಮ್ಮ ಒಂದು ದಿನದ ಕಣ್ಣೀರಲ್ಲ. ನಾಳೆಯೂ, ಬರುವ ತಿಂಗಳೂ ಬಾಗಿಲು ತೆರೆಯಲು ಒಬ್ಬ ಮಾಸ್ಟ್ರು ಬೇಕು.