ಒಂದೇ ಪರದೆ, ಆರು ಬಾಗಿಲು

ರಾತ್ರಿ ಹತ್ತು ಗಂಟೆ. ಬೆಳಗಾದರೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಪಿಯುಸಿ ಓದುವ ಹುಡುಗಿಯೊಬ್ಬಳು ಮೂರು ತಾಸಿನಿಂದ ಲಿನಕ್ಸ್ ಗಣಕದ ಮುಂದೆ ಕುಳಿತು ಬರೆಯುತ್ತಿದ್ದಾಳೆ. ಕೊನೆಯ ನಾಲ್ಕೈದು ಪುಟಗಳನ್ನು ಸೇವ್ ಮಾಡಲು ಮರೆತಿದ್ದಾಳೆ. ಚಿತ್ರ ಹುಡುಕಲೆಂದು ಬ್ರೌಸರ್‌ನಲ್ಲಿ ಮೂವತ್ತು ಪುಟ ತೆರೆದಿಟ್ಟಿದ್ದಾಳೆ. ಇದ್ದಕ್ಕಿದ್ದಂತೆ ಪರದೆ ಗರಬಡಿದಂತೆ ನಿಂತುಬಿಡುತ್ತದೆ. ಮೌಸ್ ಅಲ್ಲಾಡಿಸಿದರೂ ಬಾಣದ ಗುರುತು ಕದಲದು.

"ಸ್ವಿಚ್ ಆಫ್ ಮಾಡಿ ಆನ್ ಮಾಡಮ್ಮ, ಸರಿಹೋಗುತ್ತೆ" ಎಂದು ತಂದೆ ಪ್ಲಗ್‌ನತ್ತ ಕೈಚಾಚುತ್ತಾರೆ.

"ಬೇಡಪ್ಪಾ, ಸೇವ್ ಮಾಡಿಲ್ಲ!" ಎಂದು ಮಗಳು ಕಿರುಚುತ್ತಾಳೆ.

ಮಗಳು ಹೇಳುವುದೇ ಸರಿ. ಸೇವ್ ಮಾಡದ ಬರಹ ಇರುವುದು ಗಣಕದ ತಾತ್ಕಾಲಿಕ ಸ್ಮರಣೆಯಲ್ಲಿ ಮಾತ್ರ. ವಿದ್ಯುತ್ ಹೋದೊಡನೆ ಅದೂ ಹೋಗುತ್ತದೆ. ಕೆಟ್ಟಿರುವುದು ಬ್ರೌಸರ್ ಒಂದೇ ಇರಬಹುದು. ಅದಕ್ಕಾಗಿ ಇಡೀ ಯಂತ್ರವನ್ನೇ ಆರಿಸುವುದೆಂದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಮುಂಬಾಗಿಲು ಸಿಕ್ಕಿಹಾಕಿಕೊಂಡರೆ ಹಿತ್ತಿಲ ಬಾಗಿಲಿನಿಂದ ಒಳಹೋಗಿ ಅಗುಳಿ ತೆಗೆಯುವುದಿಲ್ಲವೇ? ಲಿನಕ್ಸ್‌ನಲ್ಲಿ ಅಂಥ ಬಾಗಿಲು ಒಂದಲ್ಲ, ಹಲವಾರು ಇವೆ. ಅವುಗಳ ಹೆಸರು ವರ್ಚುವಲ್ ಟರ್ಮಿನಲ್, ಅಂದರೆ ಕಲ್ಪಿತ ಟರ್ಮಿನಲ್.

ಟರ್ಮಿನಲ್ ಎಂಬುದು ಎಲ್ಲಿಂದ ಬಂತು?

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಗಣಕಕ್ಕೆ ಇಂದಿನಂಥ ಪರದೆ ಇರಲಿಲ್ಲ. ಟೆಲಿಟೈಪ್ ಎಂಬ, ತಂತಿ ಕಚೇರಿಯ ಬೆರಳಚ್ಚು ಯಂತ್ರದಂಥ ಸಾಧನದ ಮೂಲಕ ಗಣಕದೊಡನೆ ವ್ಯವಹಾರ ನಡೆಯುತ್ತಿತ್ತು. ಕೀಲಿ ಒತ್ತಿದರೆ ಅಕ್ಷರ ಗಣಕಕ್ಕೆ ಹೋಗುತ್ತಿತ್ತು. ಗಣಕದ ಉತ್ತರ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಅಂದು ಬಹಳ ಬಳಕೆಯಲ್ಲಿದ್ದ ಮಾಡೆಲ್ 33 ಟೆಲಿಟೈಪ್ ಸೆಕೆಂಡಿಗೆ ಹತ್ತು ಅಕ್ಷರ ಮಾತ್ರ ಅಚ್ಚು ಹಾಕುತ್ತಿತ್ತು. 72 ಅಕ್ಷರಗಳ ಒಂದು ಸಾಲಿಗೆ ಏಳು ಸೆಕೆಂಡಿಗೂ ಹೆಚ್ಚು! ಟೆಲಿಟೈಪ್ ಎಂಬ ಹೆಸರಿನ ಸಂಕ್ಷಿಪ್ತ ರೂಪವೇ 'ಟಿ ಟಿ ವೈ'. ಯಂತ್ರ ವಸ್ತುಸಂಗ್ರಹಾಲಯ ಸೇರಿದರೂ ಹೆಸರು ಮಾತ್ರ ಇಂದಿನ ಲಿನಕ್ಸ್‌ನಲ್ಲಿ ಉಳಿದುಕೊಂಡಿದೆ.

ಒಂದೇ ದೊಡ್ಡ ಗಣಕಕ್ಕೆ ಹಲವು ಟರ್ಮಿನಲ್‌ಗಳನ್ನು ಜೋಡಿಸಿ, ಹಲವರು ಏಕಕಾಲಕ್ಕೆ ಕೆಲಸ ಮಾಡಬಹುದೆಂಬುದು ಯುನಿಕ್ಸ್‌ನ ದೊಡ್ಡ ಗುಣ. ಕಾಗದದ ಯಂತ್ರಗಳು ಹೋಗಿ ಪರದೆಯುಳ್ಳ ಟರ್ಮಿನಲ್‌ಗಳು ಬಂದವು. 1978ರಲ್ಲಿ ಬಂದ ವಿಟಿ 100 ಅವುಗಳಲ್ಲಿ ಹೆಸರಾದದ್ದು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಗಣಕದಲ್ಲಿ ಒಂದು ಪುಟ್ಟ ತಂತ್ರಾಂಶ ಬರೆದ. ವಿಶ್ವವಿದ್ಯಾಲಯದ ಯುನಿಕ್ಸ್ ಗಣಕವನ್ನು ಮನೆಯಿಂದಲೇ ಬಳಸಲು ಬೇಕಾದ ಟರ್ಮಿನಲ್ ತಂತ್ರಾಂಶ ಅದು. ಅದೇ ಬೆಳೆದು ಲಿನಕ್ಸ್ ಆಯಿತು. ಆದರೆ ಮನೆಯ ಗಣಕಕ್ಕೆ ಇರುವುದು ಒಂದೇ ಕೀಲಿಮಣೆ, ಒಂದೇ ಪರದೆ. ಹಲವು ಟರ್ಮಿನಲ್‌ಗಳ ಅನುಕೂಲ ಹೇಗೆ? ನಿಜವಾದವು ಇಲ್ಲದಿದ್ದರೆ ಕಲ್ಪಿಸಿಕೊಂಡರಾಯಿತು! 1992ರ ಜನವರಿಯಲ್ಲಿ ಹೊರಬಂದ ಲಿನಕ್ಸ್‌ನ 0.12 ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು.

ಇದರ ತತ್ತ್ವ ಸರಳ. ವ್ಯವಸ್ಥೆಯ ತಿರುಳಾದ ಕರ್ನಲ್, ಪ್ರತಿ ಟರ್ಮಿನಲ್‌ನ ಪರದೆಯಲ್ಲಿ ಏನಿರಬೇಕೆಂಬುದನ್ನು ಸ್ಮರಣೆಯಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಅಂದಿನ ಪರದೆಯಲ್ಲಿ 25 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 2000. ಅಕ್ಷರಕ್ಕೆ ಒಂದು ಬೈಟ್, ಅದರ ಬಣ್ಣಕ್ಕೆ ಇನ್ನೊಂದು. ಒಂದು ಪರದೆಗೆ 4000 ಬೈಟ್ ಸಾಕು. ಆರು ಟರ್ಮಿನಲ್‌ಗೆ 24,000. ಅಂದಿನ ಪುಟ್ಟ ಗಣಕಕ್ಕೂ ಇದು ಹೊರೆಯಲ್ಲ. ಯಾವುದೇ ಕ್ಷಣದಲ್ಲಿ ಪರದೆಯೂ ಕೀಲಿಮಣೆಯೂ ಒಂದು ಟರ್ಮಿನಲ್‌ಗೆ ಸೇರಿರುತ್ತವೆ. ಉಳಿದವುಗಳಲ್ಲಿ ನಡೆಯುತ್ತಿರುವ ಕೆಲಸ ತೆರೆಮರೆಯಲ್ಲಿ ತನ್ನ ಪಾಡಿಗೆ ಸಾಗುತ್ತಿರುತ್ತದೆ. ಕರ್ನಲ್ ಇಂಥ 63 ಟರ್ಮಿನಲ್‌ಗಳನ್ನು ನಿಭಾಯಿಸಬಲ್ಲದು. ಸಾಮಾನ್ಯವಾಗಿ ಬಳಕೆಗೆ ಸಿದ್ಧವಾಗಿರುವುದು ಆರು.

ಬಾಗಿಲು ತೆರೆಯುವುದು

ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒತ್ತಿ ಹಿಡಿದು ಎಫ್3 ಒತ್ತಬೇಕು. ಬಣ್ಣದ ಪರದೆ ಮಾಯವಾಗಿ ಕಪ್ಪು ಪರದೆ ಬರುತ್ತದೆ. ಅದರ ಮೇಲೆ 'ಲಾಗಿನ್' ಎಂಬ ಪದ. ಮನೆಯವರು ಗಾಬರಿಯಾಗಬೇಕಿಲ್ಲ, ಇದು ವೈರಸ್ ಅಲ್ಲ, ಗಣಕ ಕೆಟ್ಟೂ ಇಲ್ಲ. ಎಫ್4, ಎಫ್5, ಎಫ್6 ಒತ್ತಿದರೆ ಬೇರೆ ಬೇರೆ ಟರ್ಮಿನಲ್‌ಗಳು ಸಿಗುತ್ತವೆ. ಕಪ್ಪು ಪರದೆಯಲ್ಲಿರುವಾಗ ಆಲ್ಟ್ ಜೊತೆಗೆ ಎಡ ಅಥವಾ ಬಲ ಬಾಣದ ಕೀಲಿ ಒತ್ತಿದರೂ ಪಕ್ಕದ ಟರ್ಮಿನಲ್‌ಗೆ ಹೋಗಬಹುದು. ಬಣ್ಣದ ಪರದೆಗೆ ಮರಳಲು ಈಗಿನ ಉಬುಂಟು, ಫೆಡೋರಾಗಳಲ್ಲಿ ಸಾಮಾನ್ಯವಾಗಿ ಕಂಟ್ರೋಲ್, ಆಲ್ಟ್ ಜೊತೆ ಎಫ್2 ಅಥವಾ ಎಫ್1. ಹಳೆಯ ಆವೃತ್ತಿಗಳಲ್ಲಿ ಎಫ್7.

ಈಗ ಆ ಹುಡುಗಿಯ ಮನೆಗೆ ಹಿಂದಿರುಗೋಣ. ಅವಳು ಎಫ್3ರ ಪರದೆಯಲ್ಲಿ ತನ್ನ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗಬೇಕು. 'ಟಾಪ್' ಎಂಬ ಆಜ್ಞೆ ಕೊಟ್ಟರೆ ಯಾವ ತಂತ್ರಾಂಶ ಎಷ್ಟು ಶ್ರಮ, ಎಷ್ಟು ಸ್ಮರಣೆ ನುಂಗುತ್ತಿದೆ ಎಂಬ ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಮೊದಲಿಗೆ ಒಂದು ಸಂಖ್ಯೆ ಇರುತ್ತದೆ; ಅದು ಆ ಕೆಲಸದ ಗುರುತಿನ ಸಂಖ್ಯೆ. ಬ್ರೌಸರ್‌ನ ಸಂಖ್ಯೆ 2345 ಎಂದಿದ್ದರೆ, 'ಕ್ಯೂ' ಒತ್ತಿ ಪಟ್ಟಿಯಿಂದ ಹೊರಬಂದು 'ಕಿಲ್ 2345' ಎಂದು ಟೈಪ್ ಮಾಡಬೇಕು. 'ಕಿಲ್' ಎಂಬ ಪದ ಕ್ರೂರವೆನಿಸಿದರೂ ಮೊದಲಿಗೆ ಅದು ಮಾಡುವುದು ವಿನಂತಿಯನ್ನೇ: "ನಿನ್ನ ಸಾಮಾನು ಕಟ್ಟಿಕೊಂಡು ಹೊರಡು" ಎಂಬ ಸೂಚನೆ. ಕೇಳದಿದ್ದರೆ ಮಾತ್ರ 'ಕಿಲ್ -9' ಎಂದು ಬರೆದು ಸಂಖ್ಯೆ ಕೊಡಬೇಕು. ಇದು ಕತ್ತು ಹಿಡಿದು ದಬ್ಬಿದಂತೆ; ಸಾಮಾನು ಕಟ್ಟಲು ಅವಕಾಶವಿಲ್ಲ. ಬಳಿಕ ಬಣ್ಣದ ಪರದೆಗೆ ಮರಳಿದರೆ ಬ್ರೌಸರ್ ಹೋಗಿರುತ್ತದೆ, ಕೆಟ್ಟದ್ದು ಅದೊಂದೇ ಆಗಿದ್ದರೆ ವರದಿ ಇದ್ದಲ್ಲೇ ಇರುತ್ತದೆ. ಮೊದಲ ಕೆಲಸವೆಂದರೆ ಅದನ್ನು ಸೇವ್ ಮಾಡುವುದು!

ಬಾಗಿಲೇ ತೆರೆಯದಿದ್ದರೆ?

ಇಲ್ಲಿ ಎದುರಾಗುವ ತೊಡಕುಗಳೂ ಅವುಗಳ ಕಾರಣಗಳೂ ಹೀಗಿವೆ.

ಎಫ್3 ಒತ್ತಿದರೆ ಧ್ವನಿಯೋ ಬೆಳಕೋ ಹೆಚ್ಚುಕಡಿಮೆಯಾಗುತ್ತದೆ: ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಸಾಲಿನ ಕೀಲಿಗಳಿಗೆ ಎರಡೆರಡು ಕೆಲಸ. ಕಂಟ್ರೋಲ್, ಆಲ್ಟ್ ಜೊತೆಗೆ 'ಎಫ್ ಎನ್' ಎಂಬ ಕೀಲಿಯನ್ನೂ ಹಿಡಿಯಬೇಕು.

ವಿಂಡೋಸ್ ಒಳಗೆ ವರ್ಚುವಲ್‌ಬಾಕ್ಸ್‌ನಲ್ಲಿ ಲಿನಕ್ಸ್ ಕಲಿಯುವವರು ಬಲಗಡೆಯ ಕಂಟ್ರೋಲ್ ಕೀಲಿ ಹಿಡಿದು ಎಫ್3 ಒತ್ತಿದರೆ ಸಾಕು. ಆ ಕೀಲಿಯನ್ನು ಬದಲಿಸಿರದಿದ್ದರೆ ಅದೇ ಒಳಗಿನ ಲಿನಕ್ಸ್‌ಗೆ ಮೂರೂ ಕೀಲಿಗಳ ಸಂದೇಶ ಕಳಿಸುತ್ತದೆ.

ಪಾಸ್‌ವರ್ಡ್ ಟೈಪ್ ಮಾಡಿದರೂ ಏನೂ ಕಾಣುವುದಿಲ್ಲ: ಇದು ದೋಷವಲ್ಲ. ಇಲ್ಲಿ ಚುಕ್ಕಿ, ನಕ್ಷತ್ರ ಯಾವುದೂ ಮೂಡುವುದಿಲ್ಲ. ಪಕ್ಕದಲ್ಲಿದ್ದವರು ಅಕ್ಷರ ಎಣಿಸಬಾರದೆಂಬ ಎಚ್ಚರಿಕೆ. ಟೈಪ್ ಮಾಡಿ ಎಂಟರ್ ಒತ್ತಬೇಕು. ಆದರೂ ಒಳಬಿಡದಿದ್ದರೆ ಕ್ಯಾಪ್ಸ್ ಲಾಕ್ ಮತ್ತು ನಮ್ ಲಾಕ್ ನೋಡಬೇಕು.

ಲಾಗಿನ್ ಮಾಡುವಷ್ಟರಲ್ಲಿ ಮತ್ತೆ ಮೊದಲಿನಿಂದ ಕೇಳುತ್ತದೆ: ಸ್ಮರಣೆ ಪೂರ್ತಿ ತುಂಬಿದಾಗ ಗಣಕ ಆಮೆಯಂತಾಗುತ್ತದೆ. ಲಾಗಿನ್‌ಗೆ ಸಾಮಾನ್ಯವಾಗಿ 60 ಸೆಕೆಂಡಿನ ಗಡುವು ಇರುತ್ತದೆ. ದೊಡ್ಡ ಕೆಲಸಕ್ಕೆ ಕೂರುವ ಮುನ್ನವೇ ಎಫ್3ರಲ್ಲಿ ಲಾಗಿನ್ ಮಾಡಿಟ್ಟುಕೊಳ್ಳುವುದು ಜಾಣತನ.

ಟೈಪ್ ಮಾಡಿದ್ದು ಮೂಡುತ್ತಲೇ ಇಲ್ಲ: ಬಹುಶಃ ಕೈತಪ್ಪಿ ಕಂಟ್ರೋಲ್-ಎಸ್ ಒತ್ತಿರಬಹುದು. ಬರಹದ ತಂತ್ರಾಂಶಗಳಲ್ಲಿ ಅದು ಸೇವ್ ಮಾಡುವ ಕೀಲಿ. ಟರ್ಮಿನಲ್‌ನಲ್ಲಿ ಅದು "ನಿಲ್ಲಿಸು" ಎಂಬ ಆಜ್ಞೆ. ಟೆಲಿಟೈಪ್ ಕಾಲದಿಂದ ಬಂದ ಪದ್ಧತಿ ಇದು. ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ಹರಿಯುತ್ತದೆ. ಇದನ್ನರಿಯದೆ ಯಂತ್ರ ಆರಿಸಿ ಕೆಲಸ ಕಳೆದುಕೊಳ್ಳುವುದುಂಟು.

ಅಕ್ಷರಗಳೆಲ್ಲ ವಿಚಿತ್ರ ಗುರುತುಗಳಾಗಿವೆ: ಚಿತ್ರದ ಕಡತವನ್ನೋ ಹಾಡಿನ ಕಡತವನ್ನೋ ಬರಹವೆಂದು ತೆರೆದರೆ, ಅದರೊಳಗಿನ ಕೆಲವು ಸಂಕೇತಗಳನ್ನು ಟರ್ಮಿನಲ್ ತನಗೆ ಕೊಟ್ಟ ಆಜ್ಞೆಯೆಂದು ತಿಳಿಯುತ್ತದೆ. ಕಾಣದಿದ್ದರೂ 'ರೀಸೆಟ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಸರಿಹೋಗುತ್ತದೆ.

ಕನ್ನಡ ಹೆಸರಿನ ಕಡತಗಳ ಜಾಗದಲ್ಲಿ ಚೌಕ ಚೌಕ ಕಾಣುತ್ತದೆ: ಕಡತ ಹಾಳಾಗಿಲ್ಲ. ಕರ್ನಲ್‌ನ ಈ ಪರದೆ ಏಕಕಾಲಕ್ಕೆ 256 ಅಥವಾ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಮಾತ್ರ ಬಲ್ಲದು. ಕಾಗುಣಿತ, ಒತ್ತಕ್ಷರಗಳನ್ನು ಕೂಡಿಸಿ ಬರೆಯುವ ವಿದ್ಯೆ ಅದಕ್ಕೆ ತಿಳಿಯದು. ಬಣ್ಣದ ಪರದೆಗೆ ಮರಳಿದರೆ ಕನ್ನಡ ಎಂದಿನಂತೆ ಕಾಣುತ್ತದೆ.

ಮೇಲೆ ಸರಿದುಹೋದ ಸಾಲು ಸಿಗುವುದಿಲ್ಲ: ಶಿಫ್ಟ್ ಹಿಡಿದು ಪೇಜ್‌ಅಪ್ ಒತ್ತಬೇಕೆಂದು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತದೆ. 2020ರಲ್ಲಿ ಬಂದ 5.9ನೆಯ ಕರ್ನಲ್‌ನಿಂದ ಆ ಸೌಲಭ್ಯವನ್ನು ತೆಗೆಯಲಾಯಿತು. ಉದ್ದದ ಕಡತಗಳನ್ನು 'ಲೆಸ್' ಎಂಬ ಆಜ್ಞೆಯ ಮೂಲಕ ಪುಟಪುಟವಾಗಿ ಓದುವುದೇ ದಾರಿ.

ಕೊನೆಯ ಉಪಾಯ

ಕೆಲವೊಮ್ಮೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿದರೂ ಏನೂ ಆಗದು. ಕಾರಣವಿದೆ. ಬಣ್ಣದ ಪರದೆಯಲ್ಲಿರುವಾಗ ಕೀಲಿಮಣೆಯ ಉಸ್ತುವಾರಿ ಆ ಪರದೆಯನ್ನು ಬಿಡಿಸುವ ತಂತ್ರಾಂಶದ ಕೈಯಲ್ಲಿರುತ್ತದೆ. ಕಾವಲುಗಾರನೇ ಮೂರ್ಛೆ ಹೋದರೆ ಬಾಗಿಲು ತೆರೆಯುವವರು ಯಾರು? ಸ್ಮರಣೆ ತುಂಬಿ ಹೀಗಾಗಿದ್ದರೆ ಐದು ಹತ್ತು ನಿಮಿಷ ಕಾದಾಗ ತಾನೇ ತೆರೆಯಬಹುದು, ಆತುರ ಬೇಡ.

ಕಾದರೂ ಪ್ರಯೋಜನವಾಗದಿದ್ದರೆ ಕರ್ನಲ್‌ಗೇ ನೇರವಾಗಿ ಹೇಳುವ ಒಂದು ಕೀಲಿಯಿದೆ: 'ಸಿಸ್‌ರಿಕ್ವೆಸ್ಟ್'. ಇದು ಸಾಮಾನ್ಯವಾಗಿ ಪ್ರಿಂಟ್‌ಸ್ಕ್ರೀನ್ ಕೀಲಿಯ ಮೇಲೆಯೇ ಇರುತ್ತದೆ. ಆಲ್ಟ್ ಮತ್ತು ಈ ಕೀಲಿ ಹಿಡಿದು, ಕೆಲವು ಸೆಕೆಂಡುಗಳ ಅಂತರದಲ್ಲಿ ಎಸ್, ಯು, ಬಿ ಒತ್ತಬೇಕು. ಎಸ್ ಎಂದರೆ ಡಿಸ್ಕಿಗೆ ಬರೆಯಲು ಬಾಕಿಯಿರುವುದನ್ನು ಬರೆ. ಯು ಎಂದರೆ ಡಿಸ್ಕಿನ ಮೇಲೆ ಇನ್ನು ಬರೆಯದಂತೆ ಮಾಡು. ಬಿ ಎಂದರೆ ಗಣಕವನ್ನು ಮತ್ತೆ ಆರಂಭಿಸು. ಉಬುಂಟು ಈ ಮೂರಕ್ಕೆ ಅನುಮತಿ ಕೊಟ್ಟಿರುತ್ತದೆ. ಸೇವ್ ಮಾಡದ ವರದಿ ಇದರಿಂದ ಉಳಿಯುವುದಿಲ್ಲ. ಆದರೆ ಡಿಸ್ಕಿನಲ್ಲಿರುವ ಉಳಿದ ಕಡತಗಳಿಗೆ ಪ್ಲಗ್ ಕಿತ್ತಾಗಿನ ಅಪಾಯ ಇರದು. ಇನ್ನೊಂದು ಎಚ್ಚರಿಕೆ: ಕಪ್ಪು ಪರದೆಯಲ್ಲಿ ಅಭ್ಯಾಸಬಲದಿಂದ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಬಾರದು. ಅಲ್ಲಿ ಅದರ ಅರ್ಥ ಸಾಮಾನ್ಯವಾಗಿ ಗಣಕವನ್ನು ಮರುಪ್ರಾರಂಭಿಸು ಎಂದೇ.

ಬಾಗಿಲು ಮುಚ್ಚುವುದೂ ಮುಖ್ಯ

ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಎಫ್3ರಲ್ಲಿ ಲಾಗಿನ್ ಮಾಡಿ, ಬಣ್ಣದ ಪರದೆಗೆ ಮರಳಿ, ಅದಕ್ಕೆ ಬೀಗ ಹಾಕಿ ಊಟಕ್ಕೆ ಹೋದನೆನ್ನಿ. ಮುಂಬಾಗಿಲಿಗೆ ಬೀಗ ಬಿದ್ದಿದೆ, ಹಿತ್ತಿಲ ಬಾಗಿಲು ಹಾರುಹೊಡೆದಿದೆ! ಯಾರು ಬೇಕಾದರೂ ಎಫ್3ಕ್ಕೆ ಹೋಗಿ ಅವನ ಕಡತಗಳನ್ನು ಓದಬಹುದು, ಅಳಿಸಲೂಬಹುದು. ಕೆಲಸ ಮುಗಿದೊಡನೆ 'ಎಕ್ಸಿಟ್' ಎಂದು ಟೈಪ್ ಮಾಡಿ ಹೊರಬರುವುದನ್ನು ರೂಢಿಸಿಕೊಳ್ಳಬೇಕು.

ಮಾಡಿ ನೋಡಲು

ಸೇವ್ ಮಾಡಬೇಕಾದ ಕೆಲಸ ಯಾವುದೂ ಇಲ್ಲದ ಒಂದು ಬಿಡುವಿನ ವೇಳೆ ಆರಿಸಿಕೊಳ್ಳಬೇಕು. ಎಫ್3ರಲ್ಲಿ ಲಾಗಿನ್ ಮಾಡಿ 'ಸ್ಲೀಪ್ 600' ಎಂದು ಆಜ್ಞೆ ಕೊಡಬೇಕು. ಹತ್ತು ನಿಮಿಷ ಸುಮ್ಮನಿರು ಎಂಬುದು ಇದರ ಅರ್ಥ. ಆ ಟರ್ಮಿನಲ್ ಬೇರೇನನ್ನೂ ಮಾಡದೆ ಕುಳಿತಿರುತ್ತದೆ. ಈಗ ಎಫ್4ಕ್ಕೆ ಹೋಗಿ ಲಾಗಿನ್ ಮಾಡಿ 'ಪಿ ಎಸ್ -ಇ' ಆಜ್ಞೆಯನ್ನು ಕೊಟ್ಟರೆ, ಪಟ್ಟಿಯ ಕೊನೆಯ ಭಾಗದಲ್ಲಿ ಸ್ಲೀಪ್‌ನ ಸಾಲು ಸಿಗುತ್ತದೆ. ಅದರ ಮುಂದೆಯೇ 'ಟಿ ಟಿ ವೈ 3' ಎಂದಿರುವುದನ್ನು ಗಮನಿಸಬೇಕು. ಅದರ ಸಂಖ್ಯೆ ಕೊಟ್ಟು 'ಕಿಲ್' ಮಾಡಿ ಎಫ್3ಕ್ಕೆ ಮರಳಿದರೆ, ಮಲಗಿದ್ದ ಟರ್ಮಿನಲ್ ಎಚ್ಚೆತ್ತು ಮುಂದಿನ ಆಜ್ಞೆಗೆ ಕಾಯುತ್ತಿರುತ್ತದೆ.

ತಂದೆತಾಯಿಯರೂ ಪಕ್ಕದಲ್ಲಿ ಕುಳಿತು ಇದನ್ನೊಮ್ಮೆ ನೋಡುವುದು ಒಳ್ಳೆಯದು. ಹಗಲು ಹೊತ್ತಿನಲ್ಲಿ, ನಿಶ್ಚಿಂತೆಯಿಂದ ನಾಲ್ಕು ಬಾರಿ ಮಾಡಿದ ಕೈಗೆ ರಾತ್ರಿ ಹತ್ತು ಗಂಟೆಯ ಗಾಬರಿಯಲ್ಲೂ ಎಫ್3 ಎಲ್ಲಿದೆಯೆಂದು ಗೊತ್ತಿರುತ್ತದೆ. ಪ್ಲಗ್ ಕೀಳಲು ಮುಂದಾದ ಕೈಯೂ ಒಂದು ಕ್ಷಣ ತಡೆಯುತ್ತದೆ.