ಬಿಚ್ಚಿ ಜೋಡಿಸುವ ಮನೆ, ಒಮ್ಮೆಯೂ ಬಿಚ್ಚಲಿಲ್ಲ

"ಜಗತ್ತಿನ ಅತಿ ವಿಚಿತ್ರ ಕಟ್ಟಡಗಳು" ಅನ್ನೋ ಫಾರ್ವರ್ಡು ನಿಮಗೂ ಬಂದಿರುತ್ತೆ. ಮೊದಲೆಲ್ಲ ಮೇಲ್‌ನಲ್ಲಿ ಬರ್ತಿತ್ತು, ಈಗ ವಾಟ್ಸಾಪಿನಲ್ಲಿ. ಅಮೆರಿಕದ ಒಹಾಯೋದಲ್ಲಿ ಬುಟ್ಟಿಯ ಆಕಾರದ ಏಳು ಮಹಡಿ ಕಟ್ಟಡ, ಪ್ರಾಗ್ ನಗರದಲ್ಲಿ ಸೊಂಟ ಬಳುಕಿಸಿ ಕುಣಿಯುವಂತೆ ಕಾಣುವ ಇನ್ನೊಂದು, ರಾಟರ್‌ಡ್ಯಾಮಿನಲ್ಲಿ ಮೂಲೆಯ ಮೇಲೆ ನಿಲ್ಲಿಸಿದ ದಾಳದಂಥ ಮನೆಗಳು... ನೋಡ್ತೀವಿ, ಅಬ್ಬಾ ಅಂತೀವಿ, ಇನ್ನೊಬ್ಬರಿಗೆ ಕಳಿಸ್ತೀವಿ. ಅಲ್ಲಿಗೆ ಮುಗೀತು.

ಮೊನ್ನೆ ಬಂದಿದ್ದರಲ್ಲಿ ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್ ಚಿತ್ರವೂ ಇತ್ತು. ದುಂಡು ಕಿಟಕಿಯ ಡಬ್ಬಗಳು, ವಾಷಿಂಗ್ ಮೆಷೀನುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಕೆಳಗೆ "ಜಪಾನಿಗೆ ಹೋದರೆ ತಪ್ಪದೇ ನೋಡಿ" ಅಂತ ಬರೆದಿತ್ತು. ಹೋದರೂ ಸಿಗೋದಿಲ್ಲ ಸ್ವಾಮಿ! 2022ರಲ್ಲೇ ಅದನ್ನು ಕಳಚಿ ಹಾಕಿದ್ದಾರೆ. ಆ ಕಟ್ಟಡದ ಕಥೆ ಅದರ ಫೋಟೋಗಿಂತ ದೊಡ್ಡದು ಅನ್ನಿಸಿ ಇದನ್ನು ಬರೀತಿದ್ದೀನಿ.

ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಚಯಾಪಚಯ ಅಂತ ಓದಿದ್ದು ನೆನಪಿರಬಹುದು. ದೇಹ ಹಳೆಯದನ್ನು ಬಿಡುತ್ತಾ ಹೊಸದನ್ನು ಕಟ್ಟಿಕೊಳ್ಳುತ್ತಾ ಇರುತ್ತಲ್ಲ, ಅದು. 1960ರಲ್ಲಿ ಜಪಾನಿನ ಕೆಲವು ವಾಸ್ತುಶಿಲ್ಪಿಗಳು ತಮ್ಮ ತಂಡಕ್ಕೆ ಇದೇ ಹೆಸರಿಟ್ಟುಕೊಂಡರು: ಮೆಟಬಾಲಿಸ್ಟರು. ಊರು, ಕಟ್ಟಡ ಎಲ್ಲವೂ ದೇಹದ ಹಾಗೇ ಬೆಳೀಬೇಕು, ಹೊಸದಾಗಬೇಕು ಅನ್ನೋದು ಅವರ ವಾದ. ಅವರಲ್ಲೊಬ್ಬ ಕಿಶೋ ಕುರೊಕಾವಾ. ಆತನ ವಿನ್ಯಾಸದಂತೆ 1972ರಲ್ಲಿ ಟೋಕಿಯೋದ ಗಿಂಜಾದಲ್ಲಿ ಈ ಕಟ್ಟಡ ಎದ್ದಿತು.

ಎರಡು ಗೋಪುರ, ಒಂದು 11 ಮಹಡಿ, ಇನ್ನೊಂದು 13. ಅವಕ್ಕೆ ಸಿಕ್ಕಿಸಿದ 140 ಕ್ಯಾಪ್ಸೂಲುಗಳು. ಒಂದೊಂದೂ ಸುಮಾರು ನಾಲ್ಕು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬಂದವು, ಕ್ರೇನಿನಲ್ಲಿ ಮೇಲೇರಿದವು, ನಾಲ್ಕು ಬೋಲ್ಟಿನಲ್ಲಿ ಗೋಪುರಕ್ಕೆ ಅಂಟಿಕೊಂಡವು. ಒಳಗೆ ಹಾಸಿಗೆ, ಟೀವಿ, ಪುಟ್ಟ ಬಚ್ಚಲು. ಅಡುಗೆಮನೆ ಇಲ್ಲ! ದೂರದ ಮನೆಗೆ ದಿನಾ ಓಡಾಡಲಾಗದ ನೌಕರರು ವಾರದ ದಿನಗಳಲ್ಲಿ ಮಲಗೋದಕ್ಕೆ ಅಷ್ಟು ಸಾಕು ಅನ್ನೋ ಲೆಕ್ಕ.

ಕುರೊಕಾವಾ ಯೋಚನೆಯ ಪ್ರಕಾರ ಕ್ಯಾಪ್ಸೂಲಿನ ಆಯುಸ್ಸು 25 ವರ್ಷ. ಆಮೇಲೆ ಬೋಲ್ಟು ಬಿಚ್ಚಿ ಹಳೇದು ತೆಗೆದು ಹೊಸದನ್ನು ಹಾಕೋದು. ಎಷ್ಟು ಚೆಂದದ ಯೋಚನೆ ಅಲ್ವಾ? ಆದರೆ ಐವತ್ತು ವರ್ಷದಲ್ಲಿ ಒಂದೇ ಒಂದು ಕ್ಯಾಪ್ಸೂಲನ್ನೂ ಬದಲಾಯಿಸಲಿಲ್ಲ.

ಯಾಕೆ? ಜೋಡಣೆ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಕೆಳಗಿನದನ್ನು ತೆಗೀಬೇಕಾದರೆ ಮೇಲಿನವನ್ನೂ ಇಳಿಸಬೇಕಿತ್ತು. ಒಂದೊಂದಕ್ಕೂ ಬೇರೆ ಬೇರೆ ಮಾಲೀಕರು. ಅವರೆಲ್ಲ ಒಪ್ಪಬೇಕು, ದುಡ್ಡು ಹಾಕಬೇಕು. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇದನ್ನು ವಿವರಿಸೋದು ಬೇಡ. ಟೆರೇಸ್ ಸೋರ್ತಿದೆ ಅಂತ ಮೀಟಿಂಗ್ ಕರೆದರೆ ಕೆಳಮಹಡಿಯವರು "ನಮಗೇನೂ ಸೋರ್ತಿಲ್ಲವಲ್ಲ" ಅಂತಾರೆ :)

ಇಲ್ಲೂ ಸೋರಿತು, ತುಕ್ಕು ಹಿಡಿಯಿತು. ಒಳಗೆ ಕಲ್ನಾರು ಬಳಸಿದ್ದರಿಂದ ಆರೋಗ್ಯದ ಭಯ ಬೇರೆ. 2007ರಲ್ಲಿ ಮಾಲೀಕರ ಬಹುಮತ ಕೆಡವೋಣ ಅಂದಿತು. ಗೋಪುರ ಉಳಿಸಿ ಕ್ಯಾಪ್ಸೂಲು ಮಾತ್ರ ಬದಲಾಯಿಸಿ ಅಂತ ಕುರೊಕಾವಾ ಹೇಳುತ್ತಲೇ ಇದ್ದ. ಅದೇ ವರ್ಷ ತೀರಿಕೊಂಡ. 2010ರಲ್ಲಿ ಬಿಸಿನೀರೂ ನಿಂತಿತು. ಕೊನೆಗೆ 2022ರ ಏಪ್ರಿಲ್‌ನಲ್ಲಿ ಕಳಚುವ ಕೆಲಸ ಶುರುವಾಯಿತು. ವಿಪರ್ಯಾಸ ನೋಡಿ, ಬೋಲ್ಟುಗಳು ಬಿಚ್ಚಿದ್ದು ಕೆಡವುವಾಗ.

ಹಾಗಾದರೆ ಜಪಾನೀಯರಿಗೆ ಹಳೇದನ್ನು ಹೊಸದು ಮಾಡೋದು ಬರೋದಿಲ್ಲವಾ? ಇಲ್ಲೇ ನನಗೆ ಈಸೆ ದೇಗುಲ ನೆನಪಾಗೋದು. ಅಲ್ಲಿ ಅಕ್ಕಪಕ್ಕ ಎರಡು ನಿವೇಶನ. ಒಂದರಲ್ಲಿ ಮರದ ಗುಡಿ, ಇನ್ನೊಂದು ಖಾಲಿ. ಇಪ್ಪತ್ತು ವರ್ಷಕ್ಕೊಮ್ಮೆ ಖಾಲಿ ಜಾಗದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟಿ, ದೇವರನ್ನು ಅಲ್ಲಿಗೆ ಕರೆತಂದು, ಹಳೇದನ್ನು ಬಿಚ್ತಾರೆ. ಅದರ ಮರ ಬೇರೆ ಗುಡಿಗಳಿಗೆ ಹೋಗುತ್ತೆ. ಕ್ರಿ.ಶ. 690ರಲ್ಲಿ ಶುರುವಾದದ್ದು. ನಡುವೆ ಅಂತರ್ಯುದ್ಧದ ಕಾಲದಲ್ಲಿ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ನಿಂತು ಹೋಗಿತ್ತು, ಮತ್ತೆ ಶುರು ಮಾಡಿದರು. 2013ರಲ್ಲಿ ಆದದ್ದು 62ನೆಯದು, ಮುಂದಿನದು 2033ಕ್ಕೆ.

ಈಸೆಯಲ್ಲಿ ಬೋಲ್ಟೂ ಇಲ್ಲ, ಕ್ಯಾಪ್ಸೂಲೂ ಇಲ್ಲ. ಇರೋದು ಪಕ್ಕದ ಖಾಲಿ ಜಾಗ, ಮರ ಬೆಳೆಸುವ ಕಾಡು, ಹಿರಿಯರಿಂದ ಕೆಲಸ ಕಲಿಯುವ ಬಡಗಿಗಳು, ಇಪ್ಪತ್ತು ವರ್ಷಕ್ಕೊಮ್ಮೆ ಇದು ಆಗಲೇಬೇಕು ಅನ್ನುವ ಜನ. ಕುರೊಕಾವಾ ಬದಲಾವಣೆಯನ್ನು ಕಟ್ಟಡದೊಳಗಿಟ್ಟ, ಈಸೆಯವರು ಅದನ್ನು ಮನುಷ್ಯರೊಳಗಿಟ್ಟರು. ನನ್ನ ಮಟ್ಟಿಗೆ ವ್ಯತ್ಯಾಸ ಇಷ್ಟೇ.

ವಿಚಿತ್ರ ಕಟ್ಟಡ ಕಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. ಕೊನೆಗಾಲದಲ್ಲೂ ಆ ಸೋರುವ ಡಬ್ಬಗಳನ್ನು ಪ್ರೀತಿಸಿ ಅಲ್ಲೇ ಉಳಿದವರಿದ್ದರು. 23 ಕ್ಯಾಪ್ಸೂಲುಗಳು ಉಳಿದದ್ದೂ ಅಂಥವರ ಹಟದಿಂದಲೇ. ಅವುಗಳಲ್ಲಿ ಕೆಲವು ಈಗ ಮ್ಯೂಸಿಯಂ ಸೇರಿವೆ. ಸಂತೋಷ. ಆದರೆ ಬೆಳೆಯುತ್ತಾ ಇರಬೇಕು ಅಂತ ಹುಟ್ಟಿದ ಕಟ್ಟಡ ಮ್ಯೂಸಿಯಮ್ಮಿನಲ್ಲಿ "ಮುಟ್ಟಬೇಡಿ" ಅನ್ನಿಸಿಕೊಂಡು ಕೂತರೆ ಅದನ್ನು ಉಳಿಯಿತು ಅನ್ನೋದಾ, ಹೋಯಿತು ಅನ್ನೋದಾ? ನನಗಂತೂ ಹೋಯಿತು ಅಂತಲೇ ಅನ್ನಿಸುತ್ತೆ.

ಮುಂದಿನ ಸಲ ಅಂಥ ಫೋಟೋ ಬಂದಾಗ ಅಬ್ಬಾ ಅನ್ನೋಣ, ತಪ್ಪೇನಿಲ್ಲ. ಜೊತೆಗೆ ಇನ್ನೊಂದು ಮಾತೂ ಕೇಳೋಣ: ಇದು ಸೋರಿದಾಗ ಮೇಲೆ ಹತ್ತೋರು ಯಾರು? ನೀವೇನಂತೀರಿ?